ದಾರಿ ಎಲ್ಲರದು, ಜವಾಬ್ದಾರಿ ಯಾರದು?

ಕಳೆದ ತಿಂಗಳು ಒಂದು ಭಾನುವಾರ ಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ ನಿಂತಿದ್ದೆ. ನಮ್ಮ ಯುವಜನ ಸಂಘದ ಆರೇಳು ಮಂದಿ ಬಂದು ಸುತ್ತುವರಿದರು. "ಮೇಷ್ಟ್ರೇ, ಈ ಸಲದ ರಜೆಯಲ್ಲಿ ತಾಳಮಲೆ ಕಡೆ ಮೂರು ದಿನ ನಡ್ಕೊಂಡು ಹೋಗೋಣ ಅಂತಿದ್ದೀವಿ. ತಾಳವಾಡಿಯಿಂದ ಹೊರಟು, ಕಾಡೊಳಗಿನ ಊರುಗಳನ್ನೆಲ್ಲ ನೋಡ್ಕೊಂಡು ದಿಂಬಂ ಹತ್ರ ರಸ್ತೆಗೆ ಬಂದು ಸೇರೋದು. ನೀವೂ ಬರಬೇಕು" ಎಂದರು.

"ಸಂತೋಷ. ಯಾರನ್ನು ಕೇಳಿದ್ದೀರಿ?" ಎಂದೆ.

"ಕೇಳೋದು ಯಾಕೆ ಮೇಷ್ಟ್ರೇ? ಕಾಲುದಾರಿ ತಾನೆ? ದಾರಿ ಎಲ್ಲರದಲ್ವಾ?"

ಆ ಹುಡುಗನ ಪ್ರಶ್ನೆಗೆ ಅಲ್ಲಿಯೇ ಒಂದು ಮಾತಿನಲ್ಲಿ ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ಅದಕ್ಕಾಗಿಯೇ ಈ ತಿಂಗಳ ಪುಟವನ್ನು ಮೀಸಲಿಟ್ಟಿದ್ದೇನೆ.

ತಾಳಮಲೆ ನಮ್ಮಲ್ಲಿ ಅನೇಕರಿಗೆ ಕೇಳಿ ಗೊತ್ತಿರುವ ಹೆಸರು. ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿದ್ದರೂ ಅದು ಕನ್ನಡದ ಸೀಮೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅಂದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಬಂತು. ಪಕ್ಕದ ತಾಳವಾಡಿ ಸೀಮೆ ಅಲ್ಲೇ ಉಳಿಯಿತು. ಗಡಿರೇಖೆ ಬದಲಾದರೂ ಮನೆಮಾತು ಬದಲಾಗಲಿಲ್ಲ. ಇಂದಿಗೂ ತಾಳವಾಡಿಯ ತರಕಾರಿ ಚಾಮರಾಜನಗರ, ಮೈಸೂರಿನ ಮಾರುಕಟ್ಟೆಗೆ ಬರುತ್ತದೆ. 2000ದ ಜುಲೈ 30ರ ರಾತ್ರಿ ದೊಡ್ಡಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದಾಗ ಇಡೀ ಕರ್ನಾಟಕ ಈ ಬೆಟ್ಟಸಾಲಿನ ಕಡೆಗೆ ಮುಖಮಾಡಿ ನಿಂತಿತ್ತು. ಆ ಕಾಲದಲ್ಲಿ ಇಲ್ಲಿನ ಕಾಲುದಾರಿಯಲ್ಲಿ ನಡೆಯುವವನನ್ನು ಎರಡೂ ಕಡೆಯವರು ಅನುಮಾನದಿಂದ ನೋಡುತ್ತಿದ್ದರು. 2004ರ ಅಕ್ಟೋಬರಿನಲ್ಲಿ ಆ ಅಧ್ಯಾಯ ಮುಗಿಯಿತು.

ಆದರೆ ದಾರಿಗಳು ಅದಕ್ಕೂ ಬಹಳ ಮೊದಲಿನವು. ತಾಳಮಲೆಯ ಸುತ್ತ ಇಟ್ಟರೆ, ತಡಸಲಟ್ಟಿ, ರಾಮರಣೆ, ಮಾವನತ್ತ, ಕಾಳಿದಿಂಬ ಮುಂತಾದ ಪುಟ್ಟ ಊರುಗಳಿವೆ. ಇವು ಊರಾಳಿ ಮತ್ತು ಸೋಲಿಗ ಜನರು ಬಾಳುವ ಸೀಮೆಯ ಊರುಗಳು. ಜೇನು, ನೆಲ್ಲಿಕಾಯಿ, ಸೀಗೆಕಾಯಿ ತರಲು, ರಾಗಿ ಹೊಲಕ್ಕೆ ಹೋಗಲು, ನೆಂಟರ ಮನೆಗೆ, ದೇವರ ಗುಡಿಗೆ, ಆಸ್ಪತ್ರೆಗೆ ಹೋಗಲು ಕಾಡಿನ ಜನ ತುಳಿದು ಮಾಡಿಕೊಂಡದ್ದೇ ಇಂತಹ ಕಾಲುದಾರಿಗಳು. ನಮ್ಮ ಹುಡುಗರಿಗೆ ಅದು ಮೂರು ದಿನದ ವಿಹಾರ. ಅವರಿಗೆ ಅದು ಪ್ರತಿದಿನದ ಬದುಕು.

ಈ ಕಾಡು ಈಗ ಹುಲಿ ಸಂರಕ್ಷಿತ ಪ್ರದೇಶ. 2008ರಲ್ಲಿ ಸತ್ಯಮಂಗಲ ವನ್ಯಜೀವಿ ಧಾಮವಾಯಿತು, 2013ರಲ್ಲಿ ಸುಮಾರು 1,400 ಚದರ ಕಿಲೋಮೀಟರಿನ ಹುಲಿ ಮೀಸಲು ಕಾಡಾಯಿತು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಬಂಡೀಪುರ ಮತ್ತು ಮುದುಮಲೆ. ತಾಳಮಲೆಯಿಂದ ಗುತ್ತಿಯಾಲತ್ತೂರಿನ ಕಡೆಗೆ ಆನೆಗಳು ಹಿಂಡುಹಿಂಡಾಗಿ ಓಡಾಡುವ ಹಾದಿಯೂ ಇದೆ. ದಿಂಬಂ ಘಾಟಿಯ 27 ತಿರುವುಗಳ ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಅಲ್ಲಿ ರಾತ್ರಿ ಸಂಚಾರವನ್ನು ನಿರ್ಬಂಧಿಸಲಾಯಿತು. ಡಾಂಬರು ರಸ್ತೆಗೇ ಇಷ್ಟು ನಿಯಮವಿರುವಾಗ ಕಾಲುದಾರಿಗೆ ಬೇಡವೇ?

ಒಂದು ಹಳೆಯ ತಪ್ಪು

ಹುಡುಗರಿಗೆ ಬುದ್ಧಿ ಹೇಳುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಶಾಲೆಯಲ್ಲಿದ್ದ ಕಾಲದಲ್ಲಿ ಹತ್ತನೆಯ ತರಗತಿಯ ಮಕ್ಕಳನ್ನು ಗಡಿಯ ಈಚೆಗಿರುವ ಒಂದು ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಯಾರನ್ನೂ ಕೇಳಿರಲಿಲ್ಲ. ಮಧ್ಯಾಹ್ನ ಅನ್ನ ಮಾಡಲು ಮೂರು ಕಲ್ಲು ಹೂಡಿ ಬೆಂಕಿ ಹಚ್ಚಿದೆವು. ಬೇಸಿಗೆಯ ಗಾಳಿ ಬೀಸಿತು. ನೋಡನೋಡುತ್ತಿದ್ದಂತೆ ಒಣಹುಲ್ಲಿಗೆ ಕಿಡಿ ತಗುಲಿತು. ನಾವು ನೀರಿನ ಬಾಟಲಿ ಹಿಡಿದು ಓಡಾಡಿದೆವೇ ಹೊರತು ಏನು ಮಾಡಬೇಕೆಂದು ತೋಚಲಿಲ್ಲ. ದನ ಮೇಯಿಸುತ್ತಿದ್ದ ಒಬ್ಬ ವಯಸ್ಸಾದವರು ಹಸಿಸೊಪ್ಪಿನ ಕೊಂಬೆ ಮುರಿದುಕೊಂಡು ಓಡಿಬಂದು, ಬಡಿದು ಬಡಿದು ಬೆಂಕಿ ಆರಿಸಿದರು. ಒಂದು ಗುಂಟೆಯಷ್ಟು ಹುಲ್ಲು ಸುಟ್ಟಿತ್ತು. ಅವರ ಕೈಯೂ ಬೆಂದಿತ್ತು.

ನಾನು ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. "ನೀವು ಸಂಜೆಗೆ ಹೋಯ್ತೀರಿ ಮೇಷ್ಟ್ರೇ. ನಾಳೆ ಗಾರ್ಡು ಬಂದು ಕೇಳಾದು ನಮ್ಮನ್ನ" ಎಂದರು ಅಷ್ಟೆ.

ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ದಾರಿ ಎಲ್ಲರದು ಎಂದು ನಡೆದವರು ನಾವು. ಜವಾಬ್ದಾರಿ ಮಾತ್ರ ಅವರ ತಲೆಯ ಮೇಲೆ.

ಇದು ಸಣ್ಣ ಘಟನೆ ಎನ್ನಬೇಡಿ. 2018ರ ಮಾರ್ಚ್ 11ರಂದು ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಕ್ಕೆ ಹೋದವರು ಕಾಳ್ಗಿಚ್ಚಿಗೆ ಸಿಲುಕಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು, ಹೆಚ್ಚಿನವರು ಎಳೆಯ ವಯಸ್ಸಿನವರು. ಯಾವ ದಾರಿಗೆ ಅನುಮತಿ ಇತ್ತು, ಯಾವುದಕ್ಕೆ ಇರಲಿಲ್ಲ, ಒಳಗೆ ಎಷ್ಟು ಜನರಿದ್ದಾರೆ, ಬೆಂಕಿಯ ಕಾಲದಲ್ಲಿ ದಾರಿ ಮುಚ್ಚುವವರು ಯಾರು ಎಂಬ ಪ್ರಶ್ನೆಗಳೆಲ್ಲ ಜೀವಗಳು ಹೋದ ಮೇಲೆ ಎದ್ದವು. ಆ ವರ್ಷವೇ ತಮಿಳುನಾಡು ಸರ್ಕಾರ ಚಾರಣಕ್ಕೆ ನಿಯಮಾವಳಿ ತಂದಿತು.

ಮೂರೂವರೆ ಸಾವಿರ ಕಿಲೋಮೀಟರಿನ ಪಾಠ

ಹಾಗಾದರೆ ಒಂದು ಉದ್ದನೆಯ ಕಾಲುದಾರಿಯನ್ನು ಹಲವರು ಸೇರಿ ನೋಡಿಕೊಳ್ಳುವುದು ಸಾಧ್ಯವೇ? ಸಾಧ್ಯ ಎಂಬುದಕ್ಕೆ ಅಮೆರಿಕದ ಅಪಲೇಚಿಯನ್ ಹಾದಿಯೇ ಸಾಕ್ಷಿ. ಜಾರ್ಜಿಯಾ ರಾಜ್ಯದಿಂದ ಮೇಯ್ನ್ ರಾಜ್ಯದವರೆಗೆ 14 ರಾಜ್ಯಗಳನ್ನು ದಾಟುವ, ಸುಮಾರು 3,500 ಕಿಲೋಮೀಟರ್ ಉದ್ದದ ಬೆಟ್ಟದ ದಾರಿ ಅದು. ಬೆಂಟನ್ ಮೆಕಾಯ್ ಎಂಬಾತ 1921ರಲ್ಲಿ ಒಂದು ಲೇಖನ ಬರೆದು ಇಂತಹ ದಾರಿ ಬೇಕೆಂದ. 1925ರಲ್ಲಿ ಅದಕ್ಕಾಗಿ ಒಂದು ಸಂಘ ಹುಟ್ಟಿತು. ರಜಾದಿನಗಳಲ್ಲಿ ಕೊಡಲಿ, ಗುದ್ದಲಿ ಹಿಡಿದು ಬಂದ ಸ್ವಯಂಸೇವಕರು ಮುಖ್ಯವಾಗಿ ದುಡಿದು, 1937ರಲ್ಲಿ ದಾರಿ ಪೂರ್ತಿಯಾಯಿತು.

ಆದರೆ ತೊಂದರೆ ಆಮೇಲೆ ಶುರುವಾಯಿತು. ದಾರಿಯ ಬಹುಭಾಗ ಖಾಸಗಿಯವರ ಜಮೀನಿನಲ್ಲಿ ಹೋಗುತ್ತಿತ್ತು. "ಹೋಗಿ, ಪರವಾಗಿಲ್ಲ" ಎಂಬ ಬಾಯಿಮಾತಿನ ಒಪ್ಪಿಗೆಯೇ ಆಧಾರ. ಜಮೀನಿನ ಯಜಮಾನ ತೀರಿಕೊಂಡರೆ, ಮಗ ಮಾರಿಬಿಟ್ಟರೆ, ಹೊಸಬ ಬೇಲಿ ಹಾಕಿದರೆ ದಾರಿ ಅಲ್ಲಿಗೆ ಕಡಿಯಿತು. ನಡೆಯುವವರು ಡಾಂಬರು ರಸ್ತೆಯ ಅಂಚಿಗೆ ಬಂದರು. ನಮ್ಮ ಹಳ್ಳಿಗಳಲ್ಲೂ ಹೀಗೇ ಅಲ್ಲವೇ? ಅಜ್ಜನ ಕಾಲದ ಬಂಡಿದಾರಿ ಮೊಮ್ಮಕ್ಕಳ ಪಾಲಿನಲ್ಲಿ ಮಾಯವಾಗುತ್ತದೆ. ಬಾಯಿಮಾತು ಒಂದು ತಲೆಮಾರಿಗೆ ಸಾಕು, ಎರಡನೆಯ ತಲೆಮಾರಿಗೆ ಕಾಗದ ಬೇಕು.

1968ರಲ್ಲಿ ಅಲ್ಲಿನ ಸಂಸತ್ತು ರಾಷ್ಟ್ರೀಯ ಹಾದಿಗಳ ಕಾಯಿದೆ ಮಾಡಿತು. ದಾರಿಯ ಅಕ್ಕಪಕ್ಕದ ಜಮೀನನ್ನು ಸರ್ಕಾರ ಕೊಳ್ಳುತ್ತಾ ಬಂತು. ಆದರೆ ಅಷ್ಟು ಉದ್ದದ ದಾರಿಯನ್ನು ನೋಡಿಕೊಳ್ಳಲು ನೌಕರರನ್ನು ಎಲ್ಲಿಂದ ತರುವುದು? ಆಗ ನಡೆದದ್ದು ವಿಶೇಷ. 1984ರಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಇಲಾಖೆ ತಾನು ಕೊಂಡ ಜಮೀನಿನ ದಿನನಿತ್ಯದ ಉಸ್ತುವಾರಿಯನ್ನು ಲಿಖಿತ ಒಪ್ಪಂದದ ಮೂಲಕ ಆ ಸಂಘಕ್ಕೇ ವಹಿಸಿಕೊಟ್ಟಿತು. ಸರ್ಕಾರ ಮಾಲೀಕ, ಜನರ ಸಂಘ ಪಾಲಕ.

ಸಂಘದ ಕೆಳಗೆ ಇಂದು ಸುಮಾರು 30 ಸ್ಥಳೀಯ ಕ್ಲಬ್ಬುಗಳಿವೆ. ಪ್ರತಿಯೊಂದಕ್ಕೂ ದಾರಿಯ ಒಂದೊಂದು ತುಂಡು. ಕ್ಲಬ್ಬಿನೊಳಗೆ ಒಬ್ಬೊಬ್ಬರಿಗೆ, ಒಂದೊಂದು ಕುಟುಂಬಕ್ಕೆ ಕೆಲವು ಮೈಲಿ. ಬಿದ್ದ ಮರ ಕಡಿಯುವುದು, ಮಳೆನೀರು ಹರಿಯಲು ಕಾಲುವೆ ತೆಗೆಯುವುದು, ಮರದ ಮೇಲಿನ ಬಿಳಿ ಪಟ್ಟೆಗೆ ಮತ್ತೆ ಬಣ್ಣ ಬಳಿಯುವುದು, ತಂಗುದಾಣ ಗುಡಿಸುವುದು ಇವೇ ಅವರ ಕೆಲಸ. ಅರಣ್ಯ ಇಲಾಖೆ, ಉದ್ಯಾನಗಳ ಇಲಾಖೆ, ರಾಜ್ಯ ಸರ್ಕಾರಗಳು, ಸಂಘ, ಕ್ಲಬ್ಬುಗಳು ಹೀಗೆ ಎಲ್ಲರ ನಡುವೆ ಯಾರು ಏನು ಮಾಡಬೇಕೆಂಬ ಬರಹ ಇದೆ. ನಿಯಮದಂತೆ ಹೆಸರು ನೋಂದಾಯಿಸಿದ ಸ್ವಯಂಸೇವಕ ಕೆಲಸದಲ್ಲಿ ಗಾಯಗೊಂಡರೆ ಸರ್ಕಾರಿ ನೌಕರನಿಗೆ ಸಿಗುವಂತೆ ಚಿಕಿತ್ಸೆ, ಪರಿಹಾರ ಸಿಗಲು ಕಾನೂನಿನಲ್ಲಿ ದಾರಿಯಿದೆ. ಸೇವೆ ಮಾಡಲು ಬಂದವನ ಕಾಲು ಮುರಿದರೆ ಆಸ್ಪತ್ರೆಯ ಬಿಲ್ಲು ಯಾರದು ಎಂಬುದನ್ನೂ ಮೊದಲೇ ಯೋಚಿಸಿದ್ದಾರೆ ನೋಡಿ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಈ ದಾರಿಯ ದಕ್ಷಿಣ ಭಾಗದಲ್ಲಿ ಲೆಕ್ಕವಿಲ್ಲದಷ್ಟು ಮರಗಳನ್ನು ಉರುಳಿಸಿತು. ಇಲಾಖೆಯವರ ಜೊತೆ ಗರಗಸ ಹಿಡಿದು ಹೋದವರು ಈ ಕ್ಲಬ್ಬುಗಳ ಜನರೇ.

ಒಬ್ಬ ಧರ್ಮಗುರುವಿನ ಹಳದಿ ಬಣ್ಣ

ಇನ್ನೊಂದು ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಸ್ಪೇನಿನ ಸಂತಿಯಾಗೊ ನಗರದಲ್ಲಿರುವ ಪ್ರೇಷಿತ ಸಂತ ಯಕೋಬರ ಸಮಾಧಿಗೆ ಯೂರೋಪಿನ ನಾನಾ ಕಡೆಯಿಂದ ಭಕ್ತರು ನಡೆದು ಬರುವ ದಾರಿ ಮಧ್ಯಯುಗದ್ದು. ಕಳೆದ ಶತಮಾನದಲ್ಲಿ ಅದು ಬಹುತೇಕ ಮರೆತುಹೋಗಿತ್ತು. ಓ ಸೆಬ್ರೇರೊ ಎಂಬ ಬೆಟ್ಟದೂರಿನ ಧರ್ಮಗುರು ಫಾದರ್ ಎಲಿಯಾಸ್ ವಲಿನ್ಯ ಅದರ ಚರಿತ್ರೆ ಓದಿ, ಹಳೆಯ ದಾರಿಯನ್ನು ಹುಡುಕಿದರು. 1984ರಲ್ಲಿ ಹಳದಿ ಬಣ್ಣದ ಡಬ್ಬಿಗಳನ್ನು ಕಾರಿಗೆ ಹಾಕಿಕೊಂಡು ಹೋಗಿ ಮರ, ಬಂಡೆ, ಗೋಡೆಗಳ ಮೇಲೆ ಬಾಣದ ಗುರುತು ಬಳಿದರು. ಅಷ್ಟೇ ಮಾಡಿ ಸುಮ್ಮನಾಗಲಿಲ್ಲ. ದಾರಿಯುದ್ದಕ್ಕೂ ಊರೂರಿನಲ್ಲಿ ಹಾದಿಯ ಗೆಳೆಯರ ಸಂಘಗಳು ಹುಟ್ಟಲು ಹುರುಪು ತುಂಬಿದರು. ಅವರು 1989ರಲ್ಲಿ ತೀರಿಕೊಂಡರು. ಆದರೆ ದಾರಿ ಬೆಳೆಯಿತು. 1987ರಲ್ಲಿ ಯೂರೋಪಿನ ಮೊದಲ ಸಾಂಸ್ಕೃತಿಕ ಹಾದಿ ಎಂಬ ಮನ್ನಣೆ, 1993ರಲ್ಲಿ ಯುನೆಸ್ಕೊ ಪಟ್ಟಿಯಲ್ಲಿ ಸ್ಥಾನ. 2024ರಲ್ಲಿ ಸುಮಾರು 5 ಲಕ್ಷ ಯಾತ್ರಿಕರು ಅಲ್ಲಿ ಯಾತ್ರೆಯ ಪ್ರಮಾಣಪತ್ರ ಪಡೆದರು. ಬಾಣ ಬಳಿದದ್ದು ಒಬ್ಬರು, ದಾರಿಯನ್ನು ಉಳಿಸಿದ್ದು ನೂರಾರು ಊರುಗಳ ಪಂಚಾಯಿತಿ, ಧರ್ಮಕೇಂದ್ರ, ಸಂಘಗಳು.

ನಮ್ಮ ಮಗ್ಗುಲಲ್ಲಿ

"ಅದೆಲ್ಲ ಪರದೇಶದ ಮಾತು" ಎನ್ನುವವರಿದ್ದಾರೆ. ಹಾಗಾದರೆ ಕೇರಳದ ಪೆರಿಯಾರ್ ಕಾಡನ್ನು ನೋಡೋಣ. ತೇಕ್ಕಡಿಯ ಸುತ್ತ ವಯಣ ಎಂಬ ಮರದ ತೊಗಟೆಯನ್ನು ಕದ್ದು ಸಾಗಿಸುವವರ ಗುಂಪೊಂದಿತ್ತು. ಅವರ ಮೇಲೆ ಕೇಸುಗಳಿದ್ದವು. 1990ರ ದಶಕದ ಕೊನೆಯಲ್ಲಿ ಪರಿಸರ ಅಭಿವೃದ್ಧಿ ಯೋಜನೆ ಬಂದಾಗ ಇಲಾಖೆ ಅವರೊಡನೆ ಮಾತುಕತೆಗೆ ಕುಳಿತಿತು. ಕಳ್ಳದಾರಿ ಬಿಟ್ಟರೆ ಕಾಡಿನ ಕೆಲಸವನ್ನೇ ಕೊಡುತ್ತೇವೆ ಎಂಬ ಒಪ್ಪಂದವಾಯಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸಮಿತಿ ಕಟ್ಟಿಕೊಂಡರು. ಪ್ರವಾಸಿಗರನ್ನು ಕಾಡಿನೊಳಗೆ ನಡೆಸಿಕೊಂಡು ಹೋಗಿ, ರಾತ್ರಿ ಡೇರೆಯಲ್ಲಿ ಉಳಿಸಿ, ಸುರಕ್ಷಿತವಾಗಿ ಕರೆತರುವ 'ಪೆರಿಯಾರ್ ಟೈಗರ್ ಟ್ರೇಲ್' ಹುಟ್ಟಿದ್ದು ಹೀಗೆ. ಅವರೇ ಕಾವಲೂ ಕಾದರು. ಕಾಡಿನ ಒಳಗುಟ್ಟು ಅವರಷ್ಟು ಬಲ್ಲವರು ಬೇರೆ ಯಾರಿದ್ದರು?

ಅದೇ ಕಾಡಿನಲ್ಲಿ ಶಬರಿಮಲೆಗೆ ನಡೆದುಹೋಗುವ ಭಕ್ತರ ದಾರಿಗಳಿವೆ. ಅಲ್ಲಿಯೂ ಸುತ್ತಲಿನ ಊರಿನವರ ಸಮಿತಿಗಳು ಯಾತ್ರೆಯ ಕಾಲದಲ್ಲಿ ಅಂಗಡಿ ನಡೆಸುತ್ತವೆ, ಕಸ ತೆಗೆಯುತ್ತವೆ. ಆದರೂ 2011ರ ಜನವರಿ 14ರ ರಾತ್ರಿ ಪುಲ್ಲುಮೇಡಿನಲ್ಲಿ ನೂಕುನುಗ್ಗಲಾಗಿ ನೂರಕ್ಕೂ ಹೆಚ್ಚು ಭಕ್ತರು ಸತ್ತರು. ಸಮಿತಿಗಳಿದ್ದ ಮಾತ್ರಕ್ಕೆ ಎಲ್ಲವೂ ಆಯಿತು ಎಂದಲ್ಲ. ಒಂದು ದಾರಿ ಎಷ್ಟು ಜನರನ್ನು ತಾಳಬಲ್ಲದು, ಹೆಚ್ಚಾದಾಗ ತಡೆಯುವವರು ಯಾರು ಎಂಬುದೂ ಒಪ್ಪಂದದ ಭಾಗವಾಗಬೇಕು. ನಮ್ಮಲ್ಲೇ 2024ರ ಜನವರಿಯಲ್ಲಿ ಕುಮಾರಪರ್ವತದ ತಪ್ಪಲಲ್ಲಿ ಜನಸಾಗರ ನೆರೆದಾಗ ಎಲ್ಲರೂ ಬೆಚ್ಚಿದರು. ಆಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂತು. ತಮಿಳುನಾಡಿನಲ್ಲೂ 2024ರ ಅಕ್ಟೋಬರಿನಲ್ಲಿ 40 ಚಾರಣ ದಾರಿಗಳ ಸರ್ಕಾರಿ ಯೋಜನೆ ಶುರುವಾಯಿತು, ಸ್ಥಳೀಯ ಬುಡಕಟ್ಟು ಯುವಕರಿಗೆ ಮಾರ್ಗದರ್ಶಿಗಳಾಗಿ ತರಬೇತಿ ಕೊಟ್ಟರು. ಒಳ್ಳೆಯ ಹೆಜ್ಜೆಯೇ.

ಪೆನ್ನು ಯಾರ ಕೈಯಲ್ಲಿ?

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಕೂಲಿ ಬೇರೆ, ಪಾಲುದಾರಿಕೆ ಬೇರೆ. ನಮ್ಮ ದೇಶದಲ್ಲಿ ಜಂಟಿ ಅರಣ್ಯ ನಿರ್ವಹಣೆಯ ಸುತ್ತೋಲೆ ಬಂದದ್ದು 1990ರ ಜೂನ್ 1ರಂದು. ಕರ್ನಾಟಕದಲ್ಲಿ 1993ರಲ್ಲಿ ಆದೇಶವಾಯಿತು. ಗ್ರಾಮ ಅರಣ್ಯ ಸಮಿತಿಗಳಾದವು, ಇಲಾಖೆಯೊಂದಿಗೆ ಒಡಂಬಡಿಕೆಗೆ ಸಹಿ ಹಾಕಿದವು. ಕೆಲವು ಕಡೆ ಫಲ ಸಿಕ್ಕಿತು. ಅನೇಕ ಕಡೆ ಯೋಜನೆಯ ಹಣ ಮುಗಿದ ದಿನವೇ ಸಮಿತಿಯೂ ಮಲಗಿತು. ಕಾರಣ ಸರಳ. ಸಮಿತಿಯ ಕಾರ್ಯದರ್ಶಿ ಇಲಾಖೆಯವರೇ, ಪುಸ್ತಕ ಬರೆಯುವವರೂ ಅವರೇ. ಸಹಿ ಮಾತ್ರ ಊರಿನವರದು. ಓದಲು ಬಾರದವರ ಹೆಬ್ಬೆಟ್ಟಿನ ಮೇಲೆ ನಿಂತ ಪಾಲುದಾರಿಕೆ ಎಷ್ಟು ದಿನ ಬಾಳೀತು?

2006ರ ಅರಣ್ಯ ಹಕ್ಕು ಕಾಯಿದೆ ಈ ಲೆಕ್ಕವನ್ನು ಬದಲಾಯಿಸಿತು. ತಾವು ಹಿಂದಿನಿಂದ ಕಾಪಾಡಿಕೊಂಡು ಬಂದ ಕಾಡನ್ನು ರಕ್ಷಿಸುವ, ನಿರ್ವಹಿಸುವ ಹಕ್ಕು ಗ್ರಾಮಸಭೆಗೆ ಇದೆ ಎಂದು ಅದು ಹೇಳುತ್ತದೆ. ತಾಳಮಲೆಯ ಪಕ್ಕದಲ್ಲೇ ಇರುವ ಬಿಳಿಗಿರಿರಂಗನ ಬೆಟ್ಟದಲ್ಲಿ 2011ರ ಅಕ್ಟೋಬರಿನಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಹೀಗಾದದ್ದು ದೇಶದಲ್ಲೇ ಮೊದಲು. ಹಕ್ಕುಪತ್ರ ಕೈಯಲ್ಲಿರುವವರು ಮಾತುಕತೆಗೆ ಕುಳಿತಾಗ ಅವರು ಬೇಡುವವರಲ್ಲ, ಸಮಾನರು.

ಪವಿತ್ರ ಗ್ರಂಥದ ಆದಿಕಾಂಡದಲ್ಲಿ ಅಬ್ರಹಾಮ ಮತ್ತು ಅಬೀಮೆಲೆಕನ ಪ್ರಸಂಗ ನಿಮಗೆ ನೆನಪಿರಬಹುದು. ಬಾವಿಯೊಂದರ ವಿಷಯದಲ್ಲಿ ಜಗಳವಾಗಿತ್ತು. ಅಬ್ರಹಾಮ ದೂರನ್ನು ಮುಚ್ಚಿಡಲಿಲ್ಲ, ಎದುರಿಗೇ ಹೇಳಿದ. ಏಳು ಹೆಣ್ಣು ಕುರಿಮರಿಗಳನ್ನು ಬೇರೆಯಾಗಿ ನಿಲ್ಲಿಸಿ, ಬಾವಿ ತೋಡಿದವನು ತಾನೆಂಬುದಕ್ಕೆ ಸಾಕ್ಷಿ ಮಾಡಿಕೊಂಡು, ಪ್ರಮಾಣ ಮಾಡಿ ಒಪ್ಪಂದ ಮಾಡಿಕೊಂಡರು. ಆ ಜಾಗಕ್ಕೆ ಬೇರ್ಷೆಬ ಎಂದು ಹೆಸರಾಯಿತು. ಪ್ರೀತಿ ಇದ್ದರೆ ಕಾಗದ ಏಕೆ ಎಂದು ನಾವು ಕೇಳುತ್ತೇವೆ. ಆದರೆ ಕರಾರು ಮಾಡಿಕೊಳ್ಳುವುದು ಅಪನಂಬಿಕೆಯ ಗುರುತಲ್ಲ. ನಾಳೆ ನಮ್ಮ ಮಕ್ಕಳು ಜಗಳವಾಡಬಾರದು ಎಂಬ ಕಾಳಜಿ ಅದು.

ಹುಡುಗರಿಗೆ ನಾನು ಹೇಳಿದ್ದು

ಮುಂದಿನ ಭಾನುವಾರ ಹುಡುಗರನ್ನು ಕೂರಿಸಿಕೊಂಡು, ಒಂದು ದಾರಿಯನ್ನು ಹಂಚಿಕೊಂಡು ನೋಡಿಕೊಳ್ಳುವ ಕರಾರಿನಲ್ಲಿ ಏನೇನು ಇರಬೇಕೆಂದು ಬರೆಸಿದೆ. ನಿಮ್ಮ ಊರಿನ ಸಂಘಕ್ಕೂ ಉಪಯೋಗವಾದೀತು.

ಮೊದಲನೆಯದು, ದಾರಿ ಎಲ್ಲಿಂದ ಎಲ್ಲಿಗೆ, ಯಾರ ನೆಲದಲ್ಲಿ ಎಂಬ ಸ್ಪಷ್ಟ ನಕ್ಷೆ. ಎರಡನೆಯದು, ಗುಡಿಸುವುದು, ಗುರುತು ಹಾಕುವುದು, ಬಿದ್ದ ಮರ ತೆಗೆಯುವುದು ಯಾರ ಕೆಲಸ ಎಂಬುದು. ಮೂರನೆಯದು, ದಿನಕ್ಕೆ ಎಷ್ಟು ಜನ, ಯಾವ ತಿಂಗಳು ದಾರಿ ಬಂದ್. ಆನೆ ಕರಾರಿಗೆ ಸಹಿ ಹಾಕುವುದಿಲ್ಲ, ಅದರ ಪರವಾಗಿ ನಾವೇ ಬರೆಯಬೇಕು. ನಾಲ್ಕನೆಯದು, ಬಂದ ಹಣದಲ್ಲಿ ಊರಿಗೆಷ್ಟು, ಅದನ್ನು ಯಾರ ಮುಂದೆ ಲೆಕ್ಕ ಒಪ್ಪಿಸುವುದು. ಐದನೆಯದು, ಅಪಘಾತವಾದರೆ, ಬೆಂಕಿ ಬಿದ್ದರೆ ಹೊಣೆ ಯಾರದು. ಆರನೆಯದು, ಜಗಳ ಬಂದರೆ ಎಲ್ಲಿ ಕುಳಿತು ಬಗೆಹರಿಸುವುದು, ಕರಾರು ಎಷ್ಟು ವರ್ಷಕ್ಕೆ. ಕಡೆಯದು ಎಲ್ಲಕ್ಕಿಂತ ಮುಖ್ಯ. ಕರಾರು ಆ ಊರಿನ ಜನ ಆಡುವ ಮಾತಿನಲ್ಲಿರಬೇಕು, ಸಹಿ ಹಾಕುವ ಮೊದಲು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ತಾಳಮಲೆಯಲ್ಲಿ ಆಡಳಿತದ ಭಾಷೆ ತಮಿಳು, ಮನೆಮಾತು ಬೇರೆ. ಅರ್ಥವಾಗದ ಕಾಗದದ ಮೇಲೆ ಸಮಾನತೆ ಹುಟ್ಟುವುದಿಲ್ಲ.

"ಇಷ್ಟೆಲ್ಲ ನಾವು ಮಾಡಕ್ಕಾಗುತ್ತಾ ಮೇಷ್ಟ್ರೇ? ನಾವು ಮೂರು ದಿನ ನಡ್ಕೊಂಡು ಬರೋರು" ಎಂದಳು ಒಬ್ಬ ಹುಡುಗಿ. ನಿಜ. ಆ ಕರಾರು ಬರೆಯಬೇಕಾದವರು ಆ ಊರಿನವರು ಮತ್ತು ಇಲಾಖೆ. ನಮ್ಮ ಕೆಲಸ ಚಿಕ್ಕದು. ಮೊದಲು ಕೇಳುವುದು, ಅವರು ಬೇಡವೆಂದರೆ ಬೇಸರಪಡದೆ ಹಿಂದಿರುಗುವುದು. ಹುಲಿ ಮೀಸಲು ಕಾಡಿನಲ್ಲಿ 'ಇಲ್ಲ' ಎಂಬ ಉತ್ತರವೂ ನ್ಯಾಯವಾದ ಉತ್ತರವೇ. ಹೌದೆಂದರೆ, ಆ ಊರಿನವರನ್ನೇ ಮಾರ್ಗದರ್ಶಿಯಾಗಿ ಕರೆದುಕೊಂಡು, ಅವರು ಹೇಳಿದ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಟ್ಟು, ತಂದ ಪ್ಲಾಸ್ಟಿಕ್ಕನ್ನು ಪೂರ್ತಿ ವಾಪಸು ತಂದು, ಒಂದು ಕಿಡಿಯನ್ನೂ ಹಚ್ಚದೆ ಬರುವುದು.

ಹುಡುಗರು ಎರಡು ಕಾಗದ ಬರೆದಿದ್ದಾರೆ. ಒಂದು ಅರಣ್ಯ ಇಲಾಖೆಗೆ, ಇನ್ನೊಂದು ಊರಿನ ಪಂಚಾಯಿತಿಗೆ. ಎರಡನೆಯದನ್ನು ಕನ್ನಡದಲ್ಲೂ ತಮಿಳಿನಲ್ಲೂ ಬರೆದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಅದು ಬರುವವರೆಗೆ ಹೊರಡುವ ತಾರೀಖು ಗೊತ್ತು ಮಾಡುವುದಿಲ್ಲ ಎಂದು ಸಂಘದ ಪುಸ್ತಕದಲ್ಲಿ ತೀರ್ಮಾನ ಬರೆದು ಎಲ್ಲರೂ ಸಹಿ ಹಾಕಿದರು. ಅದೂ ಒಂದು ಕರಾರೇ. ನಾನೂ ಕೆಳಗೆ ಸಹಿ ಹಾಕಿದೆ. ಹಾಕುವಾಗ ಬೆಂದ ಕೈಯ ಆ ಹಿರಿಯರು ಕಣ್ಣಮುಂದೆ ಬಂದರು.

ಪ್ರಿಯ ಓದುಗರೇ, ವೇಳಾಂಗಣಿಗೆ ಪಾದಯಾತ್ರೆ ಹೋಗುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವ ನೆರೆಹೊರೆಯವರೂ ಇದ್ದಾರೆ. ನೀವು ರಾತ್ರಿ ಮಲಗಿದ ಜಗಲಿ ಯಾರದು, ನೀರು ಕುಡಿದ ಕೊಳಾಯಿ ಯಾರದು, ಬಿಸಾಡಿದ ಎಲೆಯನ್ನು ಬೆಳಿಗ್ಗೆ ಎತ್ತಿದವರು ಯಾರು? ಈ ಸಲ ಹೊರಡುವ ಮುನ್ನ ಮನೆಯವರೆಲ್ಲ ಕುಳಿತು ಇದನ್ನೊಮ್ಮೆ ಮಾತಾಡಿಕೊಳ್ಳಿ.